ಕಿಂಡಿ ಮುಚ್ಚಬಾರದು

ಸುಟ್ಟ ಪೆಟ್ಟಿಗೆಯನ್ನು ಗಾಡಿಯವನು ಅಂಗಡಿಯ ಮುಂದೆ ಧೊಪ್ಪನೆ ಇಳಿಸಿ ಹೋದಾಗ ಫಿರೋಜಾ ಯಾರದೋ ಮದುವೆ ಟ್ರಂಕಿನ ಮೇಲೆ ಗುಲಾಬಿ ಬರೆಯುತ್ತ ಕೂತಿದ್ದಳು. ಸದ್ದಿಗೆ ಕುಂಚ ಜಾರಿ ಒಂದು ದಳ ಉದ್ದವಾಯಿತು. ಆ ದಳಕ್ಕೆ ಹಸಿರು ಬಳಿದು ಎಲೆ ಮಾಡಿ, ಕುಂಚ ಒರೆಸಿಟ್ಟು, ಪರದೆಯ ಅಂಚಿನಿಂದ ಹೊರಗೆ ನೋಡಿದಳು.

ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಪೀರ್ ಬಾಷಾನ ಟ್ರಂಕಿನ ಅಂಗಡಿ ಅಂದರೆ ಶಿವಮೊಗ್ಗದಲ್ಲಿ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅವನು ಮಾಡಿದ ಟ್ರಂಕಿನೊಳಗೆ ಜಿರಲೆ ಹೋಗುವುದಿಲ್ಲ, ಇರುವೆ ಹೋಗುವುದಿಲ್ಲ, ತುಂಗೆಯಲ್ಲಿ ತೇಲಿಬಿಟ್ಟರೂ ಒಳಗಿನ ಸೀರೆ ನೆನೆಯುವುದಿಲ್ಲ ಅನ್ನುತ್ತಿದ್ದರು. ಕೊನೆಯದನ್ನು ಯಾರೂ ಮಾಡಿ ನೋಡಿರಲಿಲ್ಲ, ಆದರೂ ನಂಬಿದ್ದರು. ಮಾಡಿದ ಪ್ರತಿ ಟ್ರಂಕಿನ ತಳಕ್ಕೂ ಅವನು ಒಂದು ನಕ್ಷತ್ರದ ಅಚ್ಚು ಹೊಡೆಯುತ್ತಿದ್ದ. ಆ ಅಚ್ಚು ಅವನ ತಾತನ ಕಾಲದ್ದು.

ಫಿರೋಜಾ ಅವನ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೇಷ್ಟ್ರು ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಗಂಟಲಿನಿಂದ ಆಚೆ ಬರುತ್ತಿರಲಿಲ್ಲ. "ನಮ್ಮ ಮನೆ ಹಲ್ಲಿ ಇವಳಿಗಿಂತ ಜಾಸ್ತಿ ಮಾತಾಡುತ್ತೆ" ಎಂದು ಅವಳ ಅಮ್ಮಿ ಕುಲ್ಸುಂ ನೆಂಟರ ಮುಂದೆ ನಗುತ್ತಿದ್ದಳು. ಅಪ್ಪ ತಗಡು ಕತ್ತರಿಸಿ ಬಗ್ಗಿಸಿದರೆ, ಅಂಚು ಬಡಿಯುವುದು, ಬೆಸುಗೆ ಮುಗಿಸುವುದು, ಹೂ ಬಳ್ಳಿ ಬರೆದು ಮದುಮಗಳ ಹೆಸರು ಬರೆಯುವುದು ಎಲ್ಲ ಫಿರೋಜಾಳದು. ಗಿರಾಕಿಗಳು ಬಂದಾಗ ಅವಳು ಪರದೆಯ ಹಿಂದೆ. ಮಾತಾಡದವರಿಗೆ ಬಿಡುವು ಜಾಸ್ತಿ. ಆ ಬಿಡುವಿನಲ್ಲೆಲ್ಲ ಅವಳು ನೋಡುತ್ತಿದ್ದಳು.

ಎರಡು ವರ್ಷದಿಂದ ಅಂಗಡಿಯಲ್ಲಿ ಟ್ರಂಕಿನ ಜೊತೆಗೆ ಇನ್ನೊಂದು ಕೆಲಸ ಸೇರಿತ್ತು. ಅರವತ್ತನೇ ಇಸವಿಯ ಸುಮಾರಿಗೆ ಊರ ಸುತ್ತ ಕರೆಂಟಿನ ಕಂಬ ನೆಡುತ್ತ ಹೋದಂತೆ, ಕರೆಂಟಿನ ಸಾಮಾನು ಮಾರುತ್ತಿದ್ದ ಓಂಕಾರಪ್ಪ ದೊಡ್ಡ ಕಂತ್ರಾಟುದಾರನಾದ. ಬೊಂಬಾಯಿಯಿಂದ ಬ್ರೇಕರ್ ತರಿಸುವುದು, ಅದನ್ನು ಕೂರಿಸಲು ಕಬ್ಬಿಣದ ತಗಡಿನ ಪೆಟ್ಟಿಗೆಯನ್ನು ಪೀರ್ ಬಾಷಾನಿಂದ ಮಾಡಿಸುವುದು, ಎರಡನ್ನೂ ಸೇರಿಸಿ ಕಾರ್ಖಾನೆಗಳಿಗೆ ಒಪ್ಪಿಸುವುದು ಅವನ ವ್ಯಾಪಾರ. ಬ್ರೇಕರ್ ಅಂದರೆ, ಎಲ್ಲೋ ತಂತಿಗೆ ತಂತಿ ತಾಗಿ ಕರೆಂಟು ಹುಚ್ಚು ಹೊಳೆಯ ಹಾಗೆ ನುಗ್ಗಿದಾಗ ತಾನಾಗಿಯೇ ದಾರಿ ಕಡಿಯುವ ಯಂತ್ರ. ಕಡಿಯುವ ಆ ಒಂದು ಕ್ಷಣದಲ್ಲಿ ಅದರ ಬಾಯಿಂದ ಬೆಂಕಿಯಂಥ ಗಾಳಿ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಪೆಟ್ಟಿಗೆಯ ಅಳತೆ ಗೊತ್ತಿತ್ತು, ಅಷ್ಟೆ.

ನಕ್ಷೆಯಲ್ಲಿ ಪೆಟ್ಟಿಗೆಯ ನೆತ್ತಿಯ ಹತ್ತಿರ ಎರಡು ಕಡೆಗೂ ನಾಲ್ಕು ನಾಲ್ಕು ಕಿಂಡಿ ಇದ್ದವು. ಕಿಂಡಿ ಕಂಡರೆ ಪೀರ್ ಬಾಷಾನಿಗೆ ಮೈಯೆಲ್ಲ ಉರಿ. "ತೂತಿಟ್ಟು ಪೆಟ್ಟಿಗೆ ಮಾಡು ಅಂದ್ರೆ, ಮೂಗು ಕೊಯ್ದು ಮದುವೆಗೆ ಕಳಿಸು ಅಂದ ಹಾಗೆ" ಎಂದು ಗೊಣಗುತ್ತಲೇ ಮೊದಲ ಹತ್ತು ಪೆಟ್ಟಿಗೆ ಮಾಡಿದ್ದ. ಆಮೇಲೆ ಗಾಜನೂರಿನ ಒಂದು ಪಂಪ್ ಮನೆಯಲ್ಲಿ ಕಿಂಡಿಯಿಂದ ಹಲ್ಲಿ ಹೊಕ್ಕು, ಅದೂ ಸತ್ತು ಪಂಪೂ ನಿಂತಿತು. ಓಂಕಾರಪ್ಪ ಬಂದವನೇ, "ಬಾಷಾ, ಇನ್ಮೇಲೆ ಆ ಕಿಂಡಿಗಳನ್ನ ಮುಚ್ಚಿಬಿಡು ಮಾರಾಯ. ಹಲ್ಲಿ ಕಾಟ" ಅಂದ. ಪೀರ್ ಬಾಷಾನಿಗೆ ಹಬ್ಬವಾದಷ್ಟು ಸಂತೋಷ. ಭದ್ರಾವತಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಗೆಂದು ಮಾಡಿದ ನಲವತ್ತು ಪೆಟ್ಟಿಗೆಗಳ ಕಿಂಡಿಗಳಿಗೂ ಒಳಗಿನಿಂದ ತಗಡಿನ ಪಟ್ಟಿ ಕೊಟ್ಟು, ರಿವೆಟ್ ಹೊಡೆದು, ಸುತ್ತ ಬೆಸುಗೆ ಎಳೆದವಳು ಫಿರೋಜಾ. ಟ್ರಂಕಿನ ಹಾಗೇ ಮಾಡಿದ್ದಳು. ಸೂಜಿ ಮೊನೆ ಇಳಿಯದ ಹಾಗೆ.

ಈಗ ಆ ನಲವತ್ತರಲ್ಲಿ ಒಂದು ಬಾಗಿಲು ಕಿತ್ತುಕೊಂಡು, ಹೊಟ್ಟೆಯೆಲ್ಲ ಮಸಿಯಾಗಿ ಅಂಗಡಿಯ ಮುಂದೆ ಬಿದ್ದಿತ್ತು.

ಮಧ್ಯಾಹ್ನ ಓಂಕಾರಪ್ಪನೇ ಬಂದ. ಬೆಂಚಿನ ಮೇಲೆ ಕೂತು ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡ.

"ಉಜ್ಜನಪ್ಪ ಅಂತ ಒಬ್ಬ ಫಿಟ್ಟರ್ ಇದಾನೆ ಆ ಫೌಂಡ್ರಿಯಲ್ಲಿ. ಬುಧವಾರ ಪೆಟ್ಟಿಗೆ ಮುಂದೆ ನಿಂತಿದ್ದ. ಬಾಗಿಲು ಹಾರಿ ಬಂದು ಬಲಗೈ ಮೊಣಕೈವರೆಗೆ ಸುಟ್ಟಿದೆ. ಹುಬ್ಬು ಇಲ್ಲ. ಕಣ್ಣು ಉಳೀತು, ಅವನ ಪುಣ್ಯ."

"ಯಾ ಅಲ್ಲಾ" ಅಂದ ಪೀರ್ ಬಾಷಾ. ಅವನ ಕೈಯಲ್ಲಿದ್ದ ಸುತ್ತಿಗೆ ತಾನಾಗಿ ಕೆಳಗಿಳಿಯಿತು.

"ನಲವತ್ತೂ ಸರಿ ಇದೆ ಅಂತ ಬರೆದು ತಗೊಂಡಿದ್ದ ಅಲ್ಲಿನ ಇಂಜಿನಿಯರ್ರೇ ಬ್ರೇಕರನ್ನ ಮತ್ತೆ ಪರೀಕ್ಷೆ ಮಾಡಿದ್ರು. ಮೂರು ಸಲ ಶಾರ್ಟ್ ಕೊಟ್ರು, ಮೂರು ಸಲವೂ ಕಡೀತು. ಅಂದ್ಮೇಲೆ ತಪ್ಪು ಪೆಟ್ಟಿಗೇದು. ನಿನ್ನ ಬೆಸುಗೆ ಸಡಿಲ." ಒಂದು ಕಾಗದ ತೆಗೆದು ಬಿಚ್ಚಿದ. "ಬೆಸುಗೆ ಸಡಿಲ ಇತ್ತು, ಉಳಿದ ಮೂವತ್ತೊಂಬತ್ತಕ್ಕೂ ಇನ್ನೊಂದು ಸುತ್ತು ಬೆಸುಗೆ ಹಾಕಿ ಭದ್ರ ಮಾಡಿಕೊಡ್ತೀನಿ ಅಂತ ಬರೆದಿದೀನಿ. ಸೈನ್ ಹಾಕು. ದೊಡ್ಡದು ಮಾಡೋದು ಬೇಡ. ಗಾಜನೂರಿನ ಮುಂದಿನ ಪೆಟ್ಟಿಗೆಗಳೂ ನಿನಗೇ."

ಪೀರ್ ಬಾಷಾ ಸಾಧು ಮನುಷ್ಯ. ಒಬ್ಬನ ಕೈ ಸುಟ್ಟಿತು ಅಂದ ತಕ್ಷಣ ಅವನಿಗೆ ಉಳಿದದ್ದು ಯಾವುದೂ ಕೇಳಿಸಿರಲಿಲ್ಲ. ಪೆನ್ನಿಗೆ ಕೈ ಚಾಚಿದ.

ಅಷ್ಟು ಹೊತ್ತಿಗೆ ಫಿರೋಜಾ ಹಿತ್ತಿಲಿನಿಂದ ಸುತ್ತಿ ಬಂದು ಸುಟ್ಟ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಅಂಚು ಅಂಚನ್ನೂ ಮುಟ್ಟಿ ನೋಡಿಯಾಗಿತ್ತು. ನಾಲ್ಕು ಮೂಲೆಯ ಬೆಸುಗೆ ಹಾಗೇ ಇತ್ತು, ಒಂದು ಕೂದಲಿನಷ್ಟೂ ಬಿಟ್ಟಿರಲಿಲ್ಲ. ತಿರುಚಿಕೊಂಡಿದ್ದು ಬಾಗಿಲಿನ ಕೀಲು, ನೆಟ್ಟಗಾಗಿದ್ದು ಚಿಲಕದ ಕೊಕ್ಕೆ. ತಗಡಿನ ನಾಲ್ಕೂ ಗೋಡೆ ಹೊರಕ್ಕೆ ಉಬ್ಬಿತ್ತು, ಉಸಿರು ಕಟ್ಟಿದವನ ಕೆನ್ನೆಯ ಹಾಗೆ. ನೆತ್ತಿಯಲ್ಲಿ, ಸರಿಯಾಗಿ ತಾನು ಪಟ್ಟಿ ಹಾಕಿದ ಜಾಗದಲ್ಲಿ, ಮಸಿ ಎಲ್ಲಕ್ಕಿಂತ ದಪ್ಪವಾಗಿ ಕೂತಿತ್ತು. ಏನೋ ಹೊರಗೆ ಹೋಗಲು ಅಲ್ಲಿಗೆ ಬಂದು, ದಾರಿ ಕಾಣದೆ ತಿರುಗಿತ್ತು.

ಅವಳಿಗೆ ಅಮ್ಮಿಯ ಬಿರಿಯಾನಿ ಪಾತ್ರೆ ನೆನಪಾಯಿತು. ಅಮ್ಮಿ ಈದಿಗೆ ಬಿರಿಯಾನಿಯನ್ನು ದಮ್ಮಿಗೆ ಇಡುವಾಗ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಕೊನೆಗೆ ಹಂಚಿಕಡ್ಡಿಯಿಂದ ಒಂದೇ ಒಂದು ತೂತು ಚುಚ್ಚುತ್ತಿದ್ದಳು. ಒಂದು ವರ್ಷ ಮರೆತಾಗ ಮುಚ್ಚಳ ಸೂರಿಗೆ ಹೊಡೆದಿತ್ತು. ಆ ವರ್ಷ ಅಮ್ಮಿ ಹಿಟ್ಟನ್ನು ಇನ್ನೂ ದಪ್ಪ ಮೆತ್ತಿದ್ದರೆ?

ಉಳಿದ ಮೂವತ್ತೊಂಬತ್ತಕ್ಕೆ ಇನ್ನೊಂದು ಸುತ್ತು ಬೆಸುಗೆ. ಅವುಗಳ ಮುಂದೆ ದಿನಾ ಯಾರೋ ನಿಲ್ಲುತ್ತಾರೆ.

"ಅಬ್ಬಾ, ಹಾಕ್ಬೇಡಿ."

ಇಬ್ಬರೂ ತಿರುಗಿ ನೋಡಿದರು. ಓಂಕಾರಪ್ಪನ ಟೊಪ್ಪಿಗೆ ಗಾಳಿ ಬೀಸುವುದನ್ನು ನಿಲ್ಲಿಸಿತು.

"ಓಹೋ, ನಿನ್ನ ಮಗಳಿಗೆ ಮಾತು ಬರುತ್ತಾ ಬಾಷಾ? ಇಷ್ಟು ದಿನ ಮೂಗಿ ಅಂದ್ಕೊಂಡಿದ್ದೆ."

ಫಿರೋಜಾ ಅವನ ಮುಖ ನೋಡಲಿಲ್ಲ, ಅವನ ಚಪ್ಪಲಿ ನೋಡಿದಳು. ಚಪ್ಪಲಿಯ ಜೊತೆ ಮಾತಾಡುವುದು ಸುಲಭ. "ಪರೀಕ್ಷೆ ಮಾಡುವಾಗ ಬ್ರೇಕರ್ ಎಲ್ಲಿತ್ತು?"

"ಎಲ್ಲಿರುತ್ತೆ? ಮೇಜಿನ ಮೇಲೆ."

"ಪೆಟ್ಟಿಗೆ ಒಳಗೆ ಇರಲಿಲ್ಲ."

"ಪೆಟ್ಟಿಗೆ ಒಳಗಿಟ್ಟು ಬಾಗಿಲು ಹಾಕಿದ್ರೆ ಕಾಣೋದೇನು, ನಿನ್ನ ಗುಲಾಬಿ ಹೂವಾ?" ಓಂಕಾರಪ್ಪ ತನ್ನ ಮಾತಿಗೆ ತಾನೇ ನಕ್ಕ. "ಸೈನ್ ಹಾಕು ಬಾಷಾ. ಹೆಣ್ಣುಮಕ್ಕಳ ಮಾತು ಕೇಳಿಕೊಂಡು ಕೂತರೆ ಆಯ್ತು."

ಪೀರ್ ಬಾಷಾ ಮಗಳ ಕಡೆ ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಅವಳು ಯಾವುದನ್ನೂ ಬೇಡ ಅಂದಿರಲಿಲ್ಲ. ಪೆನ್ನನ್ನು ಬೆಂಚಿನ ಮೇಲಿಟ್ಟ.

"ಸೋಮವಾರ ನಾನೇ ಭದ್ರಾವತಿಗೆ ಬರ್ತೀನಿ ಸಾಹುಕಾರ್ರೆ. ಹಾಕೋದಿದ್ದರೆ ಅಲ್ಲೇ ಹಾಕ್ತೀನಿ."

ಓಂಕಾರಪ್ಪ ಹೋದ ಮೇಲೆ ಫಿರೋಜಾ ಅಪ್ಪನಿಗೆ ಉಬ್ಬಿದ ತಗಡು ತೋರಿಸಿದಳು, ಮಸಿ ತೋರಿಸಿದಳು. ಅವನು ತುಂಬ ಹೊತ್ತು ಪಟ್ಟಿಗಳ ಮೇಲೆ ಬೆರಳಾಡಿಸುತ್ತ ಕೂತ. "ನಾವೇ ಮುಚ್ಚಿದ್ದು" ಅಂದ.

"ಹೂಂ. ಅದಕ್ಕೇ ನಾವೇ ಹೇಳಬೇಕು."

ಕುಲ್ಸುಂ ಪಿಂಜಾರರ ಮನೆಯ ಮಗಳು. ಅವಳ ತವರಿನವರು ಊರೂರು ತಿರುಗಿ ಅರಳೆ ಹಿಂಜಿ ಹಾಸಿಗೆ ಹೊಲಿಯುವವರು. ಮನೆಯ ಒಂದು ಮೂಲೆಯಲ್ಲಿ ಹಿಂಜಿದ ಅರಳೆ ಯಾವಾಗಲೂ ಮೋಡದ ಹಾಗೆ ಬಿದ್ದಿರುತ್ತಿತ್ತು. ಬಾಗಿಲು ಮುಚ್ಚಿದರೆ ಕಾಣೋದೇನು ಅನ್ನುವ ಮಾತು ಫಿರೋಜಾಳ ತಲೆಯಲ್ಲಿ ತಿರುಗುತ್ತಲೇ ಇತ್ತು. ಒಂದು ಹಿಡಿ ಅರಳೆ ತೆಗೆದು ಒಲೆಯ ಹತ್ತಿರ ಹಿಡಿದಳು. ಕಿಡಿಯೊಂದು ಹಾರಿ ತಾಗಿದ್ದೇ ತಡ, ಅದು ಭಗ್ಗೆಂದು ಹೊತ್ತಿಕೊಂಡು ಕೈಜಾರಿತು.

"ಏನು ಹುಡುಗಾಟ ಇದು?" ಎಂದಳು ಕುಲ್ಸುಂ.

"ಅಮ್ಮಿ, ಒಂದು ಚೀಲ ಅರಳೆ ಬೇಕು. ಚೆನ್ನಾಗಿ ಹಿಂಜಿದ್ದು."

ಕುಲ್ಸುಂ ವಿಷಯವೆಲ್ಲ ಕೇಳಿದಳು. ಅರಳೆ ಹಿಂಜುತ್ತ, ತಲೆ ಎತ್ತದೆ, "ಅದರಲ್ಲಿ ನಿನ್ನ ಕೈಯ ಕೆಲಸವೂ ಇದೆ, ಗೊತ್ತಲ್ಲ? ಅಷ್ಟು ಜನರ ಮುಂದೆ ನಿನ್ನನ್ನೇ ಬೊಟ್ಟು ಮಾಡಿ ತೋರಿಸ್ತಾರೆ" ಅಂದಳು.

"ಗೊತ್ತು."

"ಹಾಗಾದ್ರೆ ಅರಳೆ ಹಿಸುಕಿ ತುಂಬಬೇಡ, ಗಂಟು ಕಟ್ಟುತ್ತೆ" ಎಂದು ಚೀಲವನ್ನು ಅವಳ ಕೈಯಿಂದ ತಾನೇ ತೆಗೆದುಕೊಂಡಳು.

ಸೋಮವಾರ ಬೆಳಗಿನ ರೈಲಿಗೆ ಅಪ್ಪ ಮಗಳು ಹತ್ತಿದರು. ಪೀರ್ ಬಾಷಾನ ಕೈಯಲ್ಲಿ ಸುತ್ತಿಗೆ ಚಾಣಗಳ ಚೀಲ, ಫಿರೋಜಾಳ ಮಡಿಲಲ್ಲಿ ಅರಳೆಯ ಚೀಲ. ಎದುರು ಕೂತಿದ್ದ ಮುದುಕಿಯೊಬ್ಬಳು ಅರಳೆ ನೋಡಿ, "ಹಾಸಿಗೆ ಹೊಲಿಸೋಕಾ ತಾಯಿ? ಮದುವೆನಾ?" ಎಂದು ಕೇಳಿದಳು. ಫಿರೋಜಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಭದ್ರಾವತಿ ಹತ್ತಿರ ಬಂದಂತೆ ಮರದ ಎಲೆಗಳೆಲ್ಲ ಕೆಂಪು ಧೂಳು ಹೊತ್ತುಕೊಂಡಿದ್ದವು.

ಫೌಂಡ್ರಿಯ ಗೇಟಿನಲ್ಲಿ ತಮಿಳು ಕಾವಲುಗಾರ ಕೋಲು ಅಡ್ಡ ಹಿಡಿದ. "ಪೊಂಬಳೆ, ಹೆಂಗಸರನ್ನ ಒಳಗೆ ಬಿಡಲ್ಲ. ನೀವು ಹೋಗಿ ಸಾಬ್ರೆ. ಆಕೆ ಇಲ್ಲೇ ಕೂರಲಿ."

"ಪೆಟ್ಟಿಗೆ ಮಾಡಿದ್ದು ಅವಳು" ಅಂದ ಪೀರ್ ಬಾಷಾ.

"ಅಡುಗೆ ಮಾಡಿದ್ದೂ ಆಕೆನೇ. ಊಟಕ್ಕೆ ಕರ್ಕೊಂಡು ಬರ್ತೀಯಾ?"

ಆಗ ಒಳಗಿನಿಂದ ಒಬ್ಬ ಬಂದ. ಬಲಗೈ ಮೊಣಕೈವರೆಗೆ ಬಟ್ಟೆ ಸುತ್ತಿ ಕೊರಳಿಗೆ ತೂಗುಹಾಕಿತ್ತು. ಮುಖದಲ್ಲಿ ಹುಬ್ಬಿರಲಿಲ್ಲ. ಹುಬ್ಬಿಲ್ಲದ ಮುಖ ಯಾವಾಗಲೂ ಏನೋ ಕೇಳಿ ಬೆರಗಾದ ಹಾಗೆ ಕಾಣುತ್ತಿತ್ತು. ಅವನೇ ಉಜ್ಜನಪ್ಪ.

"ನೀವೇನಾ ಪೆಟ್ಟಿಗೆಯೋರು?" ಎಂದು ಕೇಳಿದ. ಬೈಯುತ್ತಾನೆ ಎಂದು ಫಿರೋಜಾ ಕಾದಳು.

"ನಾವೇ" ಅಂದಳು. "ಬಾಗಿಲು ಹಾಕಿ ಪರೀಕ್ಷೆ ಮಾಡಿ ಅಂತ ಕೇಳೋಕೆ ಬಂದಿದೀವಿ ಅಣ್ಣ."

ಉಜ್ಜನಪ್ಪ ಎಡಗೈಯಿಂದ ಕಾವಲುಗಾರನ ಕೋಲು ಪಕ್ಕಕ್ಕೆ ಸರಿಸಿದ. "ಬಿಡಪ್ಪ. ಸುಟ್ಟುಕೊಂಡವನು ನಾನು, ನನ್ನ ನೆಂಟರು ಅಂತ ಬರ್ಕೋ."

ಟ್ರಾನ್ಸ್‌ಫಾರ್ಮರಿನ ಹಿಂದೆ ಒಂದು ಅಂಗಳ, ಅಡ್ಡಕ್ಕೆ ಎದೆಯೆತ್ತರದ ಇಟ್ಟಿಗೆ ಗೋಡೆ. ಗೋಡೆಯ ಆಚೆ ಮೇಜು, ಅದರ ಮೇಲೆ ಬ್ರೇಕರ್. ಬ್ರೇಕರಿನ ಮೂರು ತುದಿಗಳನ್ನೂ ಒಂದು ತಾಮ್ರದ ಪಟ್ಟಿಯಿಂದ ಸೇರಿಸಿ ಕಟ್ಟಿದ್ದರು. ಮೇಲಿನ ಸ್ವಿಚ್ಚಿಗೆ ಕಟ್ಟಿದ ಹಗ್ಗವನ್ನು ಗೋಡೆಯ ಈಚೆಯಿಂದ ಎಳೆದರೆ ಕರೆಂಟೆಲ್ಲ ಆ ಪಟ್ಟಿಯ ಮೂಲಕ ಒಮ್ಮೆಗೇ ನುಗ್ಗುತ್ತದೆ, ಬ್ರೇಕರ್ ಕಡಿಯಬೇಕು. ಇಂಜಿನಿಯರ್ ಲಕ್ಷ್ಮೀಕಾಂತ ಮೂವತ್ತರ ಒಳಗಿನವನು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಓಂಕಾರಪ್ಪ ಅವನ ಪಕ್ಕದ ಕುರ್ಚಿಯಲ್ಲಿ ಆಗಲೇ ಕೂತಿದ್ದ.

"ಇನ್ನೊಂದು ಸಲ ತೋರಿಸಿಬಿಡೋಣ ಇವರಿಗೆ" ಎಂದು ಲಕ್ಷ್ಮೀಕಾಂತ ಹಗ್ಗ ಎಳೆದ. ಢಬ್ ಎಂದಿತು. ಬ್ರೇಕರಿನ ಬಾಯಿಂದ ನೀಲಿ ನಾಲಿಗೆಯೊಂದು ಒಂದು ಮೊಳ ಮೇಲಕ್ಕೆ ಚಾಚಿ, ಬಯಲಲ್ಲಿ ಕರಗಿತು. "ನೋಡಿದ್ರಾ? ಕಡೀತು."

ಫಿರೋಜಾ ಆ ನಾಲಿಗೆಯನ್ನು ನೋಡಿದಳು. ಒಂದು ಮೊಳ. ಪೆಟ್ಟಿಗೆಯಲ್ಲಿ ಬ್ರೇಕರಿನ ಮೇಲೆ ಇರುವ ಜಾಗ ನಾಲ್ಕು ಬೆರಳು.

"ಪೆಟ್ಟಿಗೆ ಒಳಗಿಟ್ಟು ಮಾಡಿ" ಅಂದಳು. ಮಾತು ಅವಳ ಸೆರಗಿನೊಳಗೇ ಉಳಿಯಿತು.

"ಏನಂತೆ?"

ಅವಳು ತಲೆ ಎತ್ತಿದಳು. ಅಲ್ಲಿ ಚಪ್ಪಲಿಗಳ ಜೊತೆ ಮಾತಾಡಿದರೆ ನಡೆಯುವುದಿಲ್ಲ ಎಂದು ಗೊತ್ತಾಗಿತ್ತು. "ಪೆಟ್ಟಿಗೆ ಒಳಗಿಟ್ಟು, ಬಾಗಿಲು ಹಾಕಿ, ಚಿಲಕ ಹಾಕಿ ಮಾಡಿ ಸಾರ್. ಉಜ್ಜನಪ್ಪಣ್ಣನ ಮುಂದೆ ಬ್ರೇಕರ್ ಮೇಜಿನ ಮೇಲೆ ಇರಲಿಲ್ಲ."

"ನೋಡಮ್ಮ, ಪರೀಕ್ಷೆಗೆ ಒಂದು ಕ್ರಮ ಇದೆ. ಬೆಂಕಿ ಎಷ್ಟು ಬಂತು, ಹೇಗೆ ಆರಿತು, ಕಣ್ಣಲ್ಲಿ ನೋಡಿ ಬರ್ಕೋಬೇಕು. ಬಾಗಿಲು ಮುಚ್ಚಿದರೆ ನನಗೆ ಏನು ಕಾಣುತ್ತೆ?"

"ನಿಮಗೆ ಕಾಣದೆ ಇದ್ದಿದ್ದು ಇವರ ಕೈ ಮೇಲೆ ಬಂತು."

ಅಂಗಳದಲ್ಲಿ ನಿಂತಿದ್ದ ಐದಾರು ಕೆಲಸದವರಲ್ಲಿ ಯಾರೋ ಕೆಮ್ಮಿದರು. ಓಂಕಾರಪ್ಪ ಕುರ್ಚಿಯಲ್ಲಿ ಹೊರಳಿದ. "ಟ್ರಂಕಿಗೆ ಹೂ ಬರೆಯೋಳು ಇಂಜಿನಿಯರಿಗೆ ಪಾಠ ಹೇಳ್ತಾಳೆ. ಕಾಲ ಕೆಟ್ಟಿತು ಅಂತ ಬೇರೆ ಹೇಳಬೇಕಾ?"

"ಕಣ್ಣಿನ ಬದಲು ಇದು ನೋಡುತ್ತೆ ಸಾರ್." ಫಿರೋಜಾ ಚೀಲದ ಬಾಯಿ ಬಿಚ್ಚಿದಳು. "ಬಾಗಿಲಿನ ಸಂದಿಗೆಲ್ಲ ಈ ಅರಳೆ ಹಚ್ತೀನಿ. ಬೆಂಕಿ ಕೂದಲಷ್ಟು ಹೊರಗೆ ಬಂದರೂ ಇದು ಹತ್ತಿಕೊಳ್ಳುತ್ತೆ. ಬರದೆ ಇದ್ದರೆ ಬೆಳ್ಳಗೇ ಇರುತ್ತೆ."

ಲಕ್ಷ್ಮೀಕಾಂತ ಒಂದು ಎಳೆ ಅರಳೆ ತೆಗೆದುಕೊಂಡು ಬೆರಳಲ್ಲಿ ಹೊಸೆದ. ಮುಖದ ಮೇಲಿನ ಬೇಸರ ಸ್ವಲ್ಪ ಸ್ವಲ್ಪವಾಗಿ ಬೇರೆ ಏನೋ ಆಯಿತು. ಕನ್ನಡಕ ಏರಿಸಿಕೊಂಡ. "ಹಾಗಾದರೆ ನಾನೂ ಒಂದು ಮಾಡ್ತೀನಿ. ಪೆಟ್ಟಿಗೆಯನ್ನ ಮರದ ಹಲಗೆ ಮೇಲಿಟ್ಟು, ಅದರಿಂದ ನೆಲಕ್ಕೆ ದಾರದಷ್ಟು ತೆಳುವಾದ ತಂತಿ ಕಟ್ಟೋಣ. ಒಳಗಿನ ಬೆಂಕಿ ತಗಡಿಗೆ ತಾಗಿದರೆ ಕರೆಂಟು ಆ ತಂತಿಯಲ್ಲಿ ಹೋಗಿ ಅದು ಕರಗಬೇಕು."

"ಲಕ್ಷ್ಮೀಕಾಂತಯ್ಯನೋರೆ, ನೀವೂ ಸೇರ್ಕೊಂಡ್ರಾ ಆಟಕ್ಕೆ?" ಅಂದ ಓಂಕಾರಪ್ಪ.

ಉಳಿದ ಮೂವತ್ತೊಂಬತ್ತರಲ್ಲಿ ಎರಡನ್ನು ಬಿಚ್ಚಿ ತಂದರು. ಒಂದರೊಳಗೆ ಬ್ರೇಕರ್ ಕೂರಿಸಿ ಬಾಗಿಲು ಹಾಕಿದರು. ಫಿರೋಜಾ ಬಾಗಿಲಿನ ನಾಲ್ಕೂ ಸಂದಿಗೆ ಅರಳೆ ಹಚ್ಚಿದಳು, ಮಗುವಿನ ಕಿವಿಗೆ ಹತ್ತಿ ಇಡುವಷ್ಟು ನಯವಾಗಿ. ಬಾಗಿಲಿನ ಎದುರು ಯಾರೂ ನಿಲ್ಲಬಾರದೆಂದು ಉಜ್ಜನಪ್ಪ ಎಲ್ಲರನ್ನೂ ಪಕ್ಕಕ್ಕೆ ತಳ್ಳಿದ. "ಆ ಜಾಗ ನಂದು. ಇವತ್ತು ನಾನೂ ನಿಲ್ಲಲ್ಲ" ಅಂದ.

ಹಗ್ಗ ಎಳೆದರು.

ಆ ಸದ್ದು ಮೊದಲಿನದಲ್ಲ. ನೆಲವೇ ಒಮ್ಮೆ ಎದ್ದು ಕೂತ ಹಾಗಾಯಿತು. ಬಾಗಿಲು ಕಿತ್ತು ಹಾರಿ ಎದುರಿನ ಗೋಡೆಗೆ ಬಡಿದು ಎರಡು ಇಟ್ಟಿಗೆ ಉದುರಿಸಿತು. ಹೊಗೆ ಇಳಿದಾಗ ಅರಳೆ ಇದ್ದ ಜಾಗದಲ್ಲಿ ಕರಿ ಬೂದಿ. ನೆಲಕ್ಕೆ ಕಟ್ಟಿದ್ದ ತಂತಿ ಇರಲೇ ಇಲ್ಲ.

ಮೊದಲು ಮಾತು ಬಂದದ್ದು ಓಂಕಾರಪ್ಪನಿಗೆ. "ನೋಡಿದ್ರಲ್ಲ? ನಾನು ಹೇಳಿದ್ದೂ ಇದೇ. ಪೆಟ್ಟಿಗೆ ತಡೀಲಿಲ್ಲ. ಬೆಸುಗೆ ಗಟ್ಟಿ ಇಲ್ಲ. ಅವಳೇ ಬಂದು ತೋರಿಸಿಕೊಟ್ಟಳು, ಪಾಪ."

ಲಕ್ಷ್ಮೀಕಾಂತ ಗೋಡೆ ದಾಟಿ ಹೋಗಿ ಪೆಟ್ಟಿಗೆ ನೋಡಿದ. "ದಪ್ಪ ತಗಡು ಹಾಕಿ, ಚಿಲಕ ನಾಲ್ಕು ಮಾಡಿ, ಬೆಸುಗೆ ಎರಡು ಸುತ್ತು…" ಎಂದು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದ. ಪೀರ್ ಬಾಷಾನ ಮುಖ ಬೂದಿಯಾಯಿತು. ಓಂಕಾರಪ್ಪ ಜೇಬಿನಿಂದ ಆ ಕಾಗದ ತೆಗೆದ.

ಫಿರೋಜಾ ಅಪ್ಪನ ಚೀಲದಿಂದ ಚಾಣ ಮತ್ತು ಸುತ್ತಿಗೆ ತೆಗೆದುಕೊಂಡಳು. ಎರಡನೇ ಪೆಟ್ಟಿಗೆಯನ್ನು ಮಗ್ಗುಲಿಗೆ ಉರುಳಿಸಿ, ಮಂಡಿಯೂರಿ ಕೂತು, ನೆತ್ತಿಯ ಮೊದಲನೇ ಪಟ್ಟಿಯ ರಿವೆಟ್ಟಿಗೆ ಚಾಣ ಇಟ್ಟು ಹೊಡೆದಳು. ರಿವೆಟ್ಟಿನ ತಲೆ ಹಾರಿತು.

"ಏಯ್, ಏನು ಮಾಡ್ತಿದೀಯಾ?"

"ಇಲ್ಲಿ ಕಿಂಡಿ ಇತ್ತು ಸಾರ್" ಅಂದಳು, ಹೊಡೆಯುವುದನ್ನು ನಿಲ್ಲಿಸದೆ. "ನಕ್ಷೆಯಲ್ಲಿ ಎಂಟು ಕಿಂಡಿ. ಎಂಟನ್ನೂ ಮುಚ್ಚಿದ್ದು ನಾನು. ಇದು ನನ್ನ ಬೆಸುಗೆ."

"ಕೇಳಿದ್ರಾ?" ಓಂಕಾರಪ್ಪ ಎದ್ದು ನಿಂತ. "ಬಾಯಿಬಿಟ್ಟು ಒಪ್ಪಿಕೊಂಡಳು. ಎಲ್ಲರೂ ಕೇಳಿದೀರಿ."

ಪಟ್ಟಿ ಕಿತ್ತು ಬಂದು ಟಣ್ಣೆಂದು ನೆಲಕ್ಕೆ ಬಿತ್ತು. ಫಿರೋಜಾ ಬೆವರು ಒರೆಸಿಕೊಂಡು ಎದ್ದಳು. ದನಿ ನಡುಗಲಿಲ್ಲ. ಅದು ಅವಳಿಗೇ ಆಶ್ಚರ್ಯ.

"ಒಪ್ಪಿಕೊಂಡೆ. ಮುಚ್ಚಿದ್ದು ನಾನು. ಗಾಜನೂರಿನ ಹಲ್ಲಿ ಕಥೆ ಹೇಳಿ ಮುಚ್ಚಿ ಅಂದೋರು ನೀವು, ನಾನು ಪರದೆ ಹಿಂದೆ ಇದ್ದೆ. ಬಾಗಿಲು ಹಾಕಿ ನೋಡದೆ ನಲವತ್ತಕ್ಕೂ ಸರಿ ಇದೆ ಅಂತ ಬರೆದೋರು ಈ ಸಾರ್. ಮೂವರೂ ಇಲ್ಲೇ ಇದೀವಿ. ನನ್ನ ಪಾಲು ನಾನು ತಗೊಂಡೆ. ನಿಮ್ಮದನ್ನ ನಮ್ಮ ಅಬ್ಬಾನ ಸೈನಿನ ಕೆಳಗೆ ಇಡೋಕೆ ಬಿಡಲ್ಲ."

ಲಕ್ಷ್ಮೀಕಾಂತ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಬಗ್ಗಿ ಇನ್ನೊಂದು ಚಾಣಕ್ಕೆ ಹುಡುಕಿದ.

"ಬಿಡಿ ಸಾರ್, ಬೆರಳು ಹೊಡ್ಕೋತೀರಿ" ಎಂದು ಪೀರ್ ಬಾಷಾ ಮಗಳ ಪಕ್ಕ ಕೂತ. ತನ್ನ ಆಯಸ್ಸೆಲ್ಲ ಸಂದಿ ಮುಚ್ಚಿದ ಮನುಷ್ಯ ಅವತ್ತು ಮೊದಲ ಸಲ ಬೆಸುಗೆ ಕೀಳಲು ಕೂತದ್ದು. ಒಂದೊಂದು ಪಟ್ಟಿ ಕಿತ್ತಾಗಲೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಹೊಸ ಬ್ರೇಕರ್, ಹೊಸ ತಂತಿ, ಹೊಸ ಅರಳೆ. ಈ ಸಲ ಫಿರೋಜಾ ಕಿಂಡಿಗಳಿಂದ ಒಂದು ಗೇಣು ದೂರ ಬಿಟ್ಟು ಕಡ್ಡಿಗೆ ಸಿಕ್ಕಿಸಿ ಒಂದು ತುಣುಕು ಅರಳೆ ನಿಲ್ಲಿಸಿದಳು. ತಗಡು ಅದೇ, ಚಿಲಕ ಅದೇ, ಬೆಸುಗೆ ಅದೇ. ಹಗ್ಗವನ್ನು ಲಕ್ಷ್ಮೀಕಾಂತ ಎಳೆಯಲು ಹೋದಾಗ ಉಜ್ಜನಪ್ಪ, "ಇದು ನನಗೆ ಬಿಡಿ" ಎಂದು ಎಡಗೈಯಲ್ಲಿ ಹಿಡಿದ.

ಢಂ ಅಂದಿತು. ಎಂಟೂ ಕಿಂಡಿಗಳಿಂದ ಬೂದು ಹೊಗೆ ಪುಸ್ಸನೆ ಹೊರಗೆ ಬಂತು, ಎಮ್ಮೆ ಉಸಿರು ಬಿಟ್ಟ ಹಾಗೆ. ಬಾಗಿಲು ಇದ್ದಲ್ಲೇ ಇತ್ತು.

ಎಲ್ಲರೂ ಒಟ್ಟಿಗೆ ಗೋಡೆ ದಾಟಿದರು. ಕಡ್ಡಿಯ ಮೇಲಿನ ತುಣುಕು ಅಂಚಿನಲ್ಲಿ ಚಹಾ ಬಣ್ಣಕ್ಕೆ ತಿರುಗಿತ್ತು, ಹತ್ತಿಕೊಂಡಿರಲಿಲ್ಲ. ಬಾಗಿಲಿನ ಸಂದಿಯ ಅರಳೆ ಅಮ್ಮಿ ಹಿಂಜಿದಷ್ಟೇ ಬೆಳ್ಳಗಿತ್ತು. ಲಕ್ಷ್ಮೀಕಾಂತ ಮಂಡಿಯೂರಿ ತಂತಿಯನ್ನು ಉಗುರಿನಿಂದ ಮೀಟಿದ. ಅದು ಟಿಂಗ್ ಎಂದಿತು.

"ಇನ್ನೆರಡು ಸಲ ಮಾಡೋಣ" ಅಂದ. ಮಾಡಿದರು. ಬಾಗಿಲು ಅಲ್ಲಾಡಲಿಲ್ಲ.

ಲಕ್ಷ್ಮೀಕಾಂತ ತನ್ನ ದಪ್ಪ ಪುಸ್ತಕ ತರಿಸಿ ಎರಡು ತಿಂಗಳ ಹಿಂದಿನ ಒಂದು ಪುಟ ತೆಗೆದ. ಸರಿ ಇದೆ ಎಂದು ತಾನೇ ಬರೆದು ಹಾಕಿದ್ದ ರುಜುವಿನ ಮೇಲೆ ಅಡ್ಡಗೆರೆ ಎಳೆದ. ಎಳೆಯುವಾಗ ಅವನ ಕಿವಿ ಕೆಂಪಾಗಿತ್ತು. "ಹಲ್ಲಿಗೆ ಏನು ಮಾಡೋದಮ್ಮ?" ಎಂದು ಕೇಳಿದ.

"ಜಾಲರಿ ಹಾಕಿದ್ರೆ ಸಾಕು. ಗಾಳಿ ಹೋಗುತ್ತೆ, ಹಲ್ಲಿ ಹೋಗಲ್ಲ."

"ಗಾಜನೂರಿನ ಪೆಟ್ಟಿಗೆ ಮಾಡೋಕೆ ಶಿವಮೊಗ್ಗದಲ್ಲಿ ಇನ್ನೂ ಹತ್ತು ಜನ ಇದಾರೆ ಬಾಷಾ" ಎಂದು ಹೇಳಿ ಓಂಕಾರಪ್ಪ ಟೊಪ್ಪಿಗೆ ಇಟ್ಟುಕೊಂಡು ಹೊರಟುಹೋದ. ಕಾಗದ ಕುರ್ಚಿಯ ಮೇಲೇ ಉಳಿಯಿತು. ಉಜ್ಜನಪ್ಪ ಅದನ್ನು ಎತ್ತಿ ಎಡಗೈಯಲ್ಲೇ ಕಷ್ಟಪಟ್ಟು ನಾಲ್ಕಾಗಿ ಮಡಿಸಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟ.

ಅಪ್ಪ ಮಗಳು ಒಂದು ವಾರ ದಿನಾ ಬೆಳಗಿನ ರೈಲಿಗೆ ಹೋಗಿ ಬಂದರು. ಒಡೆದದ್ದಕ್ಕೆಲ್ಲ ಹೊಸದು ಕೊಟ್ಟು, ಉಳಿದವುಗಳ ಕಿಂಡಿ ಬಿಚ್ಚಿ ಜಾಲರಿ ಹಾಕಿದರು. ಪ್ರತಿ ಪೆಟ್ಟಿಗೆಯ ಕಿಂಡಿಯ ಕೆಳಗೆ ಫಿರೋಜಾ ಮದು‌ಮಗಳ ಹೆಸರು ಬರೆಯುವ ಕೆಂಪು ಬಣ್ಣದಲ್ಲಿ, ಆ ಹೆಸರುಗಳಷ್ಟೇ ದುಂಡಗೆ ಬರೆದಳು: ಈ ಕಿಂಡಿ ಮುಚ್ಚಬಾರದು. ಅದರ ಪಕ್ಕದಲ್ಲಿ ಪೀರ್ ಬಾಷಾ ನಕ್ಷತ್ರ ಹೊಡೆದ. ಗೇಟಿನ ಕಾವಲುಗಾರ ಈಗ ಕೋಲು ಅಡ್ಡ ಹಿಡಿಯುತ್ತಿರಲಿಲ್ಲ. "ಬಾಮ್ಮಾ, ನಮ್ಮ ಗೇಟಿಗೂ ಏನಾದ್ರೂ ಬರೆದುಕೊಡು" ಅನ್ನುತ್ತಿದ್ದ.

ಶಿವಮೊಗ್ಗದಲ್ಲಿ ಪೆಟ್ಟಿಗೆ ಮಾಡುವ ಹತ್ತು ಜನ ಇದ್ದರೋ ಇಲ್ಲವೋ, ಒಂದೂವರೆ ತಿಂಗಳಾದ ಮೇಲೆ ಓಂಕಾರಪ್ಪ ಗಾಂಧಿ ಬಜಾರಿನ ಗಲ್ಲಿಗೆ ಬಂದ. ಬೆಂಚಿನ ಮೇಲೆ ಕೂತು ಗಾಜನೂರಿನ ನಕ್ಷೆ ಬಿಚ್ಚಿದ. ಭದ್ರಾವತಿಯ ಇಂಜಿನಿಯರು ಹೇಳಿದ್ದಾರಂತೆ, ಬಾಗಿಲು ಮುಚ್ಚಿ ಪರೀಕ್ಷೆ ಮಾಡದ ಪೆಟ್ಟಿಗೆಯನ್ನು ಯಾರೂ ಈಗ ತಗೊಳ್ಳುವುದಿಲ್ಲವಂತೆ.

"ಕಿಂಡಿ ಇರಲಿ. ಜಾಲರಿನೂ ಇರಲಿ" ಅಂದ, ಪೀರ್ ಬಾಷಾನ ಕಡೆ ನೋಡುತ್ತ. "ಆದರೆ ಆ ಬರಹ ಬೇಡ ಬಾಷಾ. ನೋಡಿದೋರು ಕೇಳ್ತಾರೆ, ಯಾಕೆ ಬರೆದಿದೀರಿ, ಏನಾಗಿತ್ತು ಅಂತ."

ಫಿರೋಜಾ ಪರದೆಯ ಈಚೆಗೆ ಒಂದು ಟ್ರಂಕಿನ ಮುಂದೆ ಕೂತಿದ್ದಳು. ಭದ್ರಾವತಿಗೆ ಹೋಗಿಬಂದ ಆ ವಾರದಿಂದ ಅವಳು ಅಲ್ಲೇ ಕೂರುತ್ತಿದ್ದಳು, ಬೆಳಕು ಚೆನ್ನಾಗಿದೆ ಎಂದು.

"ಕೇಳಲಿ" ಅಂದಳು. "ಬರಹ ಇಲ್ಲದ ಪೆಟ್ಟಿಗೆ ಇಲ್ಲಿಂದ ಹೋಗಲ್ಲ."

ಓಂಕಾರಪ್ಪ ಪೀರ್ ಬಾಷಾನ ಮುಖ ನೋಡಿದ. ಪೀರ್ ಬಾಷಾ ಕಿವಿ ಕೇಳದವನ ಹಾಗೆ ತಗಡು ಬಡಿಯುತ್ತಿದ್ದ. ಕೊನೆಗೆ ನಕ್ಷೆಯನ್ನು ಬೆಂಚಿನ ಮೇಲೆ ಬಿಟ್ಟು ಓಂಕಾರಪ್ಪ ಎದ್ದ.

"ಅಕ್ಷರ ಸ್ವಲ್ಪ ಸಣ್ಣದಾದ್ರೂ ಮಾಡಮ್ಮ" ಅಂದ.

ಫಿರೋಜಾ ಕುಂಚಗಳ ಡಬ್ಬಿಗೆ ಕೈ ಹಾಕಿ, ಹಿಂದಿನದಕ್ಕಿಂತ ದಪ್ಪದ್ದನ್ನು ತೆಗೆದಳು.